ಎದುರಿನಿಂದ ಯಾರೂ ಬಾರದ ರಸ್ತೆ

ಧಾರೇಶ್ವರದ ಕ್ರಾಸಿನಲ್ಲಿ ಕಟ್ಟಿರುವ ಫ್ಲೆಕ್ಸಿನಲ್ಲಿ ಇರುವವರು ನಮ್ಮ ಮಾಸ್ತರಲ್ಲ. ಮುಖವೇನೋ ಅವರದೇ. ಕೆಂಪು ರೇಸ್ ಅಂಗಿ ತೊಟ್ಟು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಾರೆ. ಹಿಂದೆ ಬೆಂಕಿ ಉಗುಳುವ ಕಾರೊಂದನ್ನು ಯಾರೋ ಕಂಪ್ಯೂಟರಿನಲ್ಲಿ ಸೇರಿಸಿದ್ದಾರೆ. ಕೆಳಗೆ ‘ವೇಗದ ದೊರೆಗೆ ಕಣ್ಣೀರ ವಿದಾಯ’ ಎಂದು ದಪ್ಪಕ್ಷರ. ಅದರ ಕೆಳಗೆ ಕಣ್ಣೀರು ಹಾಕಿದವರ ಫೋಟೊಗಳ ಸಾಲು. ಅರ್ಧ ಜನ ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಿದ್ದಾರೆ. ಅವರು ಸತ್ತ ಮೂರನೇ ದಿನಕ್ಕೇ ಅದು ಅಲ್ಲಿ ಎದ್ದು ನಿಂತಿತ್ತು. ಬಸ್ಸು ಆ ಕ್ರಾಸಿಗೆ ಬಂದಾಗ ನಾನು ಆಚೆ ಕಿಟಕಿಯತ್ತ ತಿರುಗಿ ಕೂರುತ್ತೇನೆ.

ಹೊನ್ನಾವರದಲ್ಲಿ ಮಾಸ್ತರು ನಡೆಸುತ್ತಿದ್ದ ಡ್ರೈವಿಂಗ್ ಶಾಲೆಯಲ್ಲಿ ನಾನು ಹತ್ತು ಹನ್ನೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು. ಹೆಂಗಸರಿಗೆ ಕಾರು ಕಲಿಸುವುದು ನನ್ನ ಪಾಲು. ವೇಗ ಎಂಬ ಮಾತು ಅವರ ಬಾಯಲ್ಲಿ ಹೊಗಳಿಕೆಯಾಗಿ ಬಂದದ್ದನ್ನು ನಾನು ಕೇಳಿಲ್ಲ. ಹೈವೇಯಲ್ಲಿ ಅವರ ಕಾರು ಐವತ್ತು ದಾಟುತ್ತಿರಲಿಲ್ಲ. ಹಿಂದಿನಿಂದ ಹಾರ್ನ್ ಹೊಡೆದು ಹೊಡೆದು ಸುಸ್ತಾದವರು ಪಕ್ಕಕ್ಕೆ ಬಂದು, ಗಾಜು ಇಳಿಸಿ, “ಎಂತ ಮಾಸ್ತರೇ, ಮದುವೆ ದಿಬ್ಬಣ ಹೊರಟದ್ಯಾ?” ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಮಾಸ್ತರು ಅವರತ್ತ ತಿರುಗಿಯೂ ನೋಡದೆ “ಥೂ” ಅನ್ನುತ್ತಿದ್ದರು.

ಅವರ ಥೂ ಊರಿಗೆಲ್ಲ ಗೊತ್ತಿತ್ತು. ಬಾಯಿಂದ ಒಂದು ಹನಿ ಉಗುಳು ಹೊರಬೀಳುತ್ತಿರಲಿಲ್ಲ, ಶಬ್ದ ಮಾತ್ರ. ಬಸ್ಸಿನ ಕಿಟಕಿಯಿಂದ ಗುಟ್ಕಾ ಉಗುಳಿದವನಿಗೊಂದು ಥೂ. ಶರಾವತಿ ಸೇತುವೆಯ ನಟ್ಟನಡುವೆ ಕಾರು ನಿಲ್ಲಿಸಿ, ಪ್ಲಾಸ್ಟಿಕ್ ಚೀಲದ ಸಮೇತ ಪೂಜೆಯ ಹೂವನ್ನು ಹೊಳೆಗೆ ಎಸೆದವರಿಗೊಂದು ಥೂ. ರಸ್ತೆ ಬದಿಯ ದೇವರ ಗುಡಿ ಕಂಡ ಕೂಡಲೇ ಎರಡೂ ಕೈ ಸ್ಟಿಯರಿಂಗ್ ಬಿಟ್ಟು ಎದೆಗೆ ಮುಟ್ಟಿಸಿಕೊಳ್ಳುವ ಡ್ರೈವರುಗಳನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. “ಕೈ ಮುಗಿಯೂದಾದ್ರೆ ಗಾಡಿ ಬದಿಗೆ ಹಾಕಿ, ಇಳಿದು, ಚಪ್ಪಲಿ ಕಳಚಿ ಮುಗಿ. ದೇವ್ರಿಗೂ ಮರ್ಯಾದೆ, ಹಿಂದೆ ಬರೂವವನಿಗೂ ಮರ್ಯಾದೆ” ಎಂದು ಬೈಯುತ್ತಿದ್ದರು. ಬೈಗುಳ ತಿಂದ ಕೆಲವರು ಅರ್ಧಕ್ಕೇ ಶಾಲೆ ಬಿಟ್ಟು ಹೋಗಿದ್ದೂ ಉಂಟು. ಸಿಟ್ಟು ಬಂದರೆ ನಾಲ್ಕು ಜನರ ಎದುರೇ ಮಾನ ಕಳೆಯುವ ಸ್ವಭಾವ. ಅದು ಅವರಲ್ಲಿದ್ದ ದೋಷ, ಇಲ್ಲ ಎಂದು ನಾನು ಹೇಳುವುದಿಲ್ಲ.

ಕಲಿಯಲು ಬಂದವರು ಸ್ಟಿಯರಿಂಗ್ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಬೇಕಿತ್ತು. ಆಫೀಸಿನ ಹಿಂದೆ ಇದಕ್ಕಾಗಿಯೇ ಒಂದು ನಲ್ಲಿ, ಒಂದು ಸೋಪು, ಒಂದು ಟವೆಲ್ಲು. ನಾನು ಮೊದಲ ದಿನ ಹೋದಾಗ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಬೀಜದ ಎಣ್ಣೆ ಹತ್ತಿ ಬೆರಳುಗಳೆಲ್ಲ ಕಪ್ಪು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹಿಂದೆ ನಿಂತವರು ನನ್ನ ಕೈಯನ್ನೇ ನೋಡುತ್ತಿದ್ದರು. ಮಾಸ್ತರು ಬಂದು ನೋಡಿದರು, ನಲ್ಲಿ ನಿಲ್ಲಿಸಿದರು. “ಅದು ಕೊಳೆ ಅಲ್ಲ, ಬಣ್ಣ. ಹೋಗಿ ಕೂತ್ಕೊ” ಅಂದರು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನನಗೆ ಯಾರೂ ಹೋಗಿ ಕೂತ್ಕೊ ಎಂದು ಹೇಳಿದ್ದಿಲ್ಲ. ಆ ಸೀಟಿಗೆ ಕೂತವಳು ಮತ್ತೆ ಫ್ಯಾಕ್ಟರಿಗೆ ಹೋಗಲಿಲ್ಲ.

ಇಷ್ಟು ನಿಧಾನದ ಮನುಷ್ಯನಿಗೆ ರೇಸಿನ ಹುಚ್ಚು ಎಲ್ಲಿಂದ ಹತ್ತಿತೋ ತಿಳಿಯದು. ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಇಡುತ್ತಿದ್ದರು. ಯಾವುದೋ ದೇಶದ ರಸ್ತೆ, ಚಪ್ಪಟೆ ಕಾರುಗಳು, ಸೊಳ್ಳೆ ಹಿಂಡು ಕಿವಿಗೆ ಬಂದಂಥ ಸದ್ದು. ಅನ್ನ ಆರಿ ಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಯಾವ ಕಾರು ಯಾವ ತಿರುವಿನಲ್ಲಿ ಎಷ್ಟು ಮೊದಲು ಬ್ರೇಕು ತುಳಿಯಿತು ಎಂದು ನನಗೆ ಹೇಳುತ್ತಿದ್ದರು. ಗೆದ್ದವರು ಯಾರು ಎಂದು ಕೇಳಿದರೆ ನೆನಪಿರುತ್ತಿರಲಿಲ್ಲ.

“ನೀವು ಜನ್ಮದಲ್ಲಿ ಐವತ್ತು ದಾಟೂದಿಲ್ಲ, ಅದೆಂತಕ್ಕೆ ನೋಡ್ತ್ರಿ?” ಎಂದು ನಾನು ಒಮ್ಮೆ ಕೇಳಿದ್ದೆ.

“ಊಟ ಬಡಿಸೂವವಂಗೆ ಹಸಿವು ಇರೂದಿಲ್ವಾ ಮಾರಾಯ್ತಿ?” ಅಂದರು.

ಅವರನ್ನು ವಿದೇಶಕ್ಕೆ ಕರೆಸಿಕೊಂಡವನು ಭಟ್ಕಳದ ಒಬ್ಬ ಹುಡುಗ. ನಮ್ಮಲ್ಲೇ ಕಲಿತು, ಮಾಸ್ತರ ಬಾಯಿಂದ ಯಥೇಚ್ಛ ಬೈಸಿಕೊಂಡು, ಆಮೇಲೆ ಗಲ್ಫಿಗೆ ಹೋಗಿ ನೆಲೆ ನಿಂತಿದ್ದ. ಒಂದು ದಿನ ಫೋನು ಬಂತು. ಮಾಸ್ತರು ಸ್ಪೀಕರಿನಲ್ಲಿ ಹಾಕಿದ್ದರು.

“ಮಾಸ್ತರ್, ಇಲ್ಲಿ ನಮ್ಮ ಮನೆ ಹತ್ರ ರೇಸ್ ಟ್ರ್ಯಾಕ್ ಉಂಟು. ಯಾರು ಬೇಕಾದ್ರೂ ಹೋಗಿ ಒಂದು ದಿನ ಕಾರು ಹೊಡೀಬಹುದು, ಅವರೇ ಕಲಿಸ್ತಾರೆ. ನಿಮ್ಮ ಹೆಸರು ಬರೆಸಿ ಆಯ್ತು. ನೀವು ಬಂದ್ರೆ ಸಾಕು.”

“ನನ್ನ ಹೆಸರು ಬರೆಸೂಕೆ ನೀ ಯಾರ?”

“ನೀವು ನಂಗೆ ಕತ್ತೆ ಅಂತ ಕರ್ದಿದ್ದು ಮರೆತು ಹೋಯ್ತಾ? ಕತ್ತೆ ಕರೀತಾ ಉಂಟು, ಬನ್ನಿ.”

ಆ ಸಂಜೆ ಮಾಸ್ತರು ವಿಷಯವನ್ನು ಮನೆಯಲ್ಲಿ ಹೇಳಿದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಮಕ್ಕಳಿಲ್ಲದ ಮನೆ ಅದು. ಮಾತು ಕಡಿಮೆ, ಆಡಿದರೆ ಚೂಪು. “ಹೋಗಿ ಬನ್ನಿ. ಇಲ್ದಿದ್ರೆ ಸಾಯೂವರೆಗೆ ಆ ಸೊಳ್ಳೆ ಸದ್ದು ನಾನೇ ಕೇಳ್ಬೇಕು” ಅಂದರು ಅಕ್ಕ. ಹುಡುಗನ ಮನೆಗೆಂದು ಕುಮಟೆಯ ಸಿಹಿ ಈರುಳ್ಳಿಯ ಒಂದು ಜಡೆಯನ್ನೇ ಕಟ್ಟಿ ಕೊಟ್ಟರು. ವಿಮಾನ ನಿಲ್ದಾಣದಲ್ಲಿ ಅದನ್ನು ಕಂಡ ಅಧಿಕಾರಿ ಮೂಗು ಮುಚ್ಚಿಕೊಂಡನಂತೆ. “ಥೂ, ಈರುಳ್ಳಿಗೆ ಮೂಗು ಮುಚ್ಚೂವವನು ಎಂತ ಊಟ ಮಾಡ್ತ?” ಮಾಸ್ತರು ಊರಿಗೆ ಬಂದ ಮೇಲೆ ಮೊದಲು ಹೇಳಿದ್ದೇ ಇದನ್ನು.

ರೇಸ್ ಕಾರು ಹೊಡೆದ ಕಥೆಯನ್ನು ಅವರು ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಭಿನಯಿಸಿ ತೋರಿಸಿದರು. ಕಾಲು ಚಾಚಿ, ಬೆನ್ನು ನೆಲಕ್ಕೆ ಬಾಗಿಸಿ, ಕುರ್ಚಿಯಿಂದ ಜಾರಿ ಬೀಳುವ ಹಾಗೆ. ಕಲಿಸುವವನು ಉದ್ದನೆಯ ಒಬ್ಬ ಬಿಳಿ ಹುಡುಗನಂತೆ. ಬೆಲ್ಟಿನಿಂದ ಇವರನ್ನು ಬಿಗಿದು, ಹೆಲ್ಮೆಟ್ ಹಾಕಿಸಿ, ಕಿವಿಯ ಹತ್ತಿರ ಮಾತಾಡುವ ಯಂತ್ರ ಸಿಕ್ಕಿಸಿ, ಕೈಬೀಸಿ ಕಳಿಸಿದ. ಮೊದಲ ತಿರುವು ಬಂತು. ಮಾಸ್ತರ ಹೆಬ್ಬೆರಳು ಹಾರ್ನನ್ನು ಹುಡುಕಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡ ಕೊರೆದು ಮಾಡಿದ ರಸ್ತೆಯಲ್ಲಿ ತಿರುವಿನ ಆಚೆ ಏನಿದೆ ಎಂದು ಕಾಣುವುದಿಲ್ಲ. ಮೀನು ಲಾರಿ ಇರಬಹುದು, ಮಲಗಿದ ದನ ಇರಬಹುದು. ಹಾರ್ನ್ ಮಾಡದೆ ತಿರುವು ತೆಗೆದುಕೊಂಡವನಿಗೆ ಮಾಸ್ತರು ಆವತ್ತಿನ ಪಾಠವನ್ನೇ ನಿಲ್ಲಿಸಿಬಿಡುತ್ತಿದ್ದರು. “ಹಾರ್ನ್ ಅಂದ್ರೆ ಬೈಯೂದಲ್ಲ, ನಾ ಬತ್ತಾ ಇದ್ದೆ ಹೇಳಿ ತಿಳ್ಸೂದು” ಎನ್ನುವುದು ಅವರ ನಿತ್ಯದ ಪಾಠ.

ರೇಸ್ ಕಾರಿಗೆ ಹಾರ್ನೇ ಇಲ್ಲ. ಮಾಸ್ತರು ಸ್ಟಿಯರಿಂಗಿನ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು. ಇನ್ನೇನು ಮಾಡುವುದೆಂದು ತೋಚದೆ, ಎತ್ತಿನಗಾಡಿಯ ಹಾಗೆ ನಿಧಾನ ಮಾಡಿ, ಹೆಲ್ಮೆಟ್ಟಿನ ಒಳಗಿನಿಂದಲೇ ಬಾಯಿ ತೆರೆದು “ಪೋಂ! ಪೋಂ!” ಎಂದು ಕೂಗಿದರು. ಪ್ರತಿ ತಿರುವಿನಲ್ಲೂ ಕೂಗಿದರು. ಕಿವಿಯ ಯಂತ್ರದಲ್ಲಿ ಬಿಳಿ ಹುಡುಗ ಗಾಬರಿಯಿಂದ “ಸರ್, ಆರ್ ಯು ಓಕೆ?” ಎಂದು ಕೇಳುತ್ತಲೇ ಇದ್ದ. ಇವರು ಇನ್ನೂ ಜೋರಾಗಿ ಪೋಂ ಅಂದರು. ಭಟ್ಕಳದ ಹುಡುಗ ಅಲ್ಲಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದ.

ಸುತ್ತು ಮುಗಿಸಿ ಬಂದು ನಿಂತಾಗ ಬಿಳಿ ಹುಡುಗ ಕೇಳಿದನಂತೆ, “ನೀವು ಯಾರನ್ನು ಕೂಗಿದ್ರಿ?” ಭಟ್ಕಳದವನು ಮಧ್ಯೆ ನಿಂತು ಆಚೀಚೆ ಅರ್ಥ ಹೇಳಿದ.

“ಎದುರಿಂದ ಬರೂವವಂಗೆ.”

“ಎದುರಿಂದ ಯಾರೂ ಬರುವುದಿಲ್ಲ.”

“ಯಾರೂ?”

“ಯಾರೂ. ಎಲ್ಲ ಒಂದೇ ದಿಕ್ಕು.”

ಇಲ್ಲಿಗೆ ಬಂದಾಗ ಮಾಸ್ತರು ಅಭಿನಯ ನಿಲ್ಲಿಸಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ನಂಗೆ ಗೊತ್ತಿತ್ತು ಮಾರಾಯ್ತಿ, ಅಷ್ಟು ವರ್ಷ ನೋಡಿದ್ನಲ್ಲ. ಗೊತ್ತಿದ್ರೂ ಹೆಬ್ಬೆರಳಿಗೆ ಗೊತ್ತಿರ್ಲಿಲ್ಲ” ಅಂದರು. ಎರಡನೇ ಸುತ್ತಿಗೆ ಹೋದಾಗ ಅವರು ಕೂಗಲಿಲ್ಲ. ಕಾಲು ಪೂರ್ತಿ ಒತ್ತಿದರು. ಎಷ್ಟರಲ್ಲಿ ಹೋಯಿತೋ ನೋಡಲಿಲ್ಲವಂತೆ. ಎದುರಿಗೆ ದನ ಇಲ್ಲ, ಫೋನು ಕಿವಿಗೆ ಹಿಡಿದ ಬೈಕಿನವನಿಲ್ಲ, ರಾಂಗ್ ಸೈಡಿನ ಟಿಪ್ಪರಿಲ್ಲ. “ಹೆದ್ರಿಕೆ ಇಲ್ದೆ ಗಾಡಿ ಹೊಡೆದದ್ದು ಜನ್ಮದಲ್ಲಿ ಅದೇ ಮೊದ್ಲು. ಇಷ್ಟು ವರ್ಷ ಎಷ್ಟು ಹೆದರ್ಕಂಡು ಬದುಕಿದ್ದೆ ಅಂತ ಅಲ್ಲಿ ಗೊತ್ತಾತು” ಅಂದರು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಈ ಮಾತು ಊರಿನ ಯಾರಿಗೂ ಬೇಕಾಗಿರಲಿಲ್ಲ. ಮೀಟರು ಎಷ್ಟಕ್ಕೆ ಮುಟ್ಟಿತು ಎನ್ನುವುದೊಂದೇ ಪ್ರಶ್ನೆ. ಕುಮಟೆಯ ಒಂದು ಯುವಕ ಸಂಘದವರು ಸನ್ಮಾನಕ್ಕೆ ಕರೆದರು. ಹೋಗಬೇಡಿ ಎಂದು ನಾನೂ ಅಕ್ಕನೂ ಹೇಳಿದೆವು. ಅವರು ಹೋದರು. ರೇಸ್ ಟ್ರ್ಯಾಕಿನಿಂದ ತಂದ ಟೊಪ್ಪಿಯನ್ನು ಅದಾಗಲೇ ಒಂದು ತಿಂಗಳಿಂದ ತಲೆಯಿಂದ ತೆಗೆಯದೆ ತಿರುಗುತ್ತಿದ್ದವರು ಅವರು. ನಾನು ನೋಡಿದ ಕೆಲವು ಸಂಗತಿಗಳನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಸನ್ಮಾನದ ದಿನ ತೆರೆದ ಜೀಪಿನ ಮೇಲೆ ಅವರನ್ನು ನಿಲ್ಲಿಸಿದ್ದರು. ಮುಂದೆ ಹಿಂದೆ ಸೈಲೆನ್ಸರ್ ಕಿತ್ತ ಬೈಕುಗಳು, ಒಂದರ ಮೇಲೆ ಮೂರು ಮೂರು ಹುಡುಗರು, ಒಬ್ಬನ ತಲೆಗೂ ಹೆಲ್ಮೆಟ್ ಇಲ್ಲ. ಆಸ್ಪತ್ರೆಯ ರಸ್ತೆಯಲ್ಲೇ ಹೊಗೆ ಬಿಟ್ಟುಕೊಂಡು ಹೋದರು. ಕಿವಿ ಮುಚ್ಚಿಕೊಂಡು ನಿಂತ ಒಬ್ಬ ಬಸುರಿಯ ಪಕ್ಕದಲ್ಲಿ ನಾನೂ ನಿಂತಿದ್ದೆ. ಜೀಪಿನ ಮೇಲೆ ಮಾಸ್ತರು ಕೈ ಬೀಸುತ್ತಿದ್ದರು. ನನಗೆ ಹೇಸಿಗೆಯಾಯಿತು. ಬೇರೆ ಶಬ್ದ ಸಿಗುವುದಿಲ್ಲ.

ಮಾರನೇ ದಿನ ಅವರು ಆಫೀಸಿಗೆ ಟೊಪ್ಪಿಯಿಲ್ಲದೆ ಬಂದರು. ನಾನು ಮಾತಾಡಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾವೇ ಬಂದು, “ಥೂ, ನಾನೂ ಕೈ ಬೀಸಿದೆ ಮಾರಾಯ್ತಿ” ಅಂದರು. ಸಂಘದ ಅಧ್ಯಕ್ಷ ಮತ್ತೆ ಬಂದು, ಬೈಕ್ ರ‍್ಯಾಲಿಗೆ ಚಾಲನೆ ಕೊಡಬೇಕು ಎಂದಾಗ ಅವನ ಹಿಂಬಾಲಕರ ಎದುರೇ, “ಮೊದ್ಲು ಲೈಸೆನ್ಸ್ ಮಾಡ್ಸಿ, ಆಮೇಲೆ ರ‍್ಯಾಲಿ ಮಾಡಿ” ಎಂದು ಕಳಿಸಿದರು. ಅಂದಿನಿಂದ ಆ ಹುಡುಗರ ಬಾಯಲ್ಲಿ ಇವರು ‘ಪೋಂ ಮಾಸ್ತರು’. ರಸ್ತೆಯಲ್ಲಿ ಕಂಡರೆ ಬಾಯಲ್ಲೇ ಹಾರ್ನ್ ಮಾಡುತ್ತಿದ್ದರು.

ಭಟ್ಕಳದ ಹುಡುಗನ ಅಕ್ಕ ನಮ್ಮಲ್ಲಿ ಕಲಿಯಲು ಸೇರಿದ್ದು ಆಮೇಲೆ. ಅವರಲ್ಲಿ ಅಕ್ಕನಿಗೆ ಹೇಳುವ ಹಾಗೆ ನಾನು ಅವರನ್ನು ಆಪಾ ಎನ್ನುತ್ತೇನೆ. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ಇವರು ಮತ್ತು ಕಿಡ್ನಿ ಕಾಯಿಲೆಯ ತಾಯಿ. ಡಯಾಲಿಸಿಸ್ಸಿಗೆ ತಾಯಿಯನ್ನು ಮೇಲಿಂದ ಮೇಲೆ ಹೊನ್ನಾವರಕ್ಕೆ ಕರೆತರಬೇಕು. ಮಳೆಯಿರಲಿ ಹಬ್ಬವಿರಲಿ, ಆಟೊದವನು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. “ನನ್ನ ಅಮ್ಮಿಯ ಉಸಿರು ಇನ್ನೊಬ್ಬರ ಮರ್ಜಿ ಮೇಲೆ ನಿಂತದೆ, ನಂಗೆ ಕಲಿಸಿ” ಅಂದರು ಮೊದಲ ದಿನ. ಕಲಿಯುವಾಗಲೂ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಬರುತ್ತಿದ್ದರು. ಮುದುಕಿಗೆ ಭಟ್ಕಳದ ಮುಸಲ್ಮಾನರ ಮನೆಮಾತಾದ ನವಾಯತಿ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಮಗಳ ಕೈಯಲ್ಲಿ ಗಿಯರು ಕಿರುಗುಟ್ಟಿದಾಗಲೆಲ್ಲ ನಗುತ್ತಿದ್ದರು.

ಭಟ್ಕಳದ ಒಳ ಓಣಿಗಳಲ್ಲಿ ನಾನು ಕಲಿಸಿದೆ. ಹೈವೇ ಪಾಠ ಮಾತ್ರ ಮಾಸ್ತರದ್ದು, ಅದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮೊದಲ ಹೈವೇ ಪಾಠದ ಆ ಬೆಳಿಗ್ಗೆ ಭಟ್ಕಳದಿಂದ ಹೊನ್ನಾವರದತ್ತ ಆಪಾ ಕಾರು ನಡೆಸುತ್ತಿದ್ದರು. ಮಾಸ್ತರು ಪಕ್ಕದ ಸೀಟಿನಲ್ಲಿ, ಅಮ್ಮಿ ಹಿಂದೆ. ಮಂಕಿ ದಾಟುವಾಗ ಮಾಸ್ತರು, “ಗಾಡಿ ಬದಿಗೆ ತಕ್ಕೊ” ಅಂದರಂತೆ. ಆಪಾ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಲಿಸಿದ ಹಾಗೆಯೇ ಬದಿಗೆ ನಿಲ್ಲಿಸಿದರು. ಚೆನ್ನಾಯಿತಾ ಎಂದು ಕೇಳಲು ತಿರುಗಿದರೆ ಮಾಸ್ತರ ತಲೆ ಕಿಟಕಿಗೆ ವಾಲಿತ್ತು. ಮೈಯೆಲ್ಲ ಬೆವರು.

ಅಲ್ಲಿ ಒಂದು ಎಳನೀರಿನ ಅಂಗಡಿ. ಬೈಕು ನಿಲ್ಲಿಸಿಕೊಂಡು ಏಳೆಂಟು ಹುಡುಗರು. ಆಪಾ ಇಳಿದು ಓಡಿ, ಯಾರಾದರೂ ಡ್ರೈವಿಂಗ್ ಬರುವವರು ಬನ್ನಿ, ನನಗೆ ಲೈಸೆನ್ಸ್ ಇಲ್ಲ, ಆಸ್ಪತ್ರೆಗೆ ಮುಟ್ಟಿಸಿ ಎಂದು ಬೇಡಿಕೊಂಡರು. ಹುಡುಗರು ಹತ್ತಿರ ಬಂದರು. ಮೊಬೈಲುಗಳು ಮೇಲೆದ್ದವು. ಕಾರಿನ ಬಾಗಿಲಿಗೆ ಒಂದು ಕೈಯೂ ಬೀಳಲಿಲ್ಲ. ಕೇಸಾಗುತ್ತದೆ ಅಂದನೊಬ್ಬ. ಅಂಬುಲೆನ್ಸಿಗೆ ಫೋನು ಮಾಡಿ ಅಂದನು ಇನ್ನೊಬ್ಬ, ಅವನ ಕೈಯಲ್ಲಿದ್ದದ್ದೂ ಫೋನೇ. ಕೊನೆಗೆ ಆಪಾ ತಾವೇ ಸೀಟಿಗೆ ಕೂತರು. ಅಮ್ಮಿ ಹಿಂದಿನಿಂದ ಎರಡೂ ಕೈ ಚಾಚಿ ಮಾಸ್ತರ ತಲೆಯನ್ನು ನೆಟ್ಟಗೆ ಹಿಡಿದುಕೊಂಡರು. ಆಗ ತಾನೇ ಹೈವೇ ಕಂಡ ಹೆಂಗಸು ಹಾರ್ನ್ ಒತ್ತಿಕೊಂಡು, ಅಗಲ ಮಾಡಲೆಂದು ಅಗೆದು ಹಾಕಿದ ಆ ರಸ್ತೆಯಲ್ಲಿ, ಹೊನ್ನಾವರದ ಆಸ್ಪತ್ರೆಯ ಬಾಗಿಲಿಗೆ ಕಾರನ್ನು ಮುಟ್ಟಿಸಿದರು. ಎಲ್ಲಿಯೂ ಒಂದು ಗೀರು ಬಿದ್ದಿರಲಿಲ್ಲ.

ಡಾಕ್ಟರು ನಾಡಿ ನೋಡಿ ತಲೆಯಾಡಿಸಿದರು. ಎದೆಬಡಿತ ದಾರಿಯಲ್ಲೇ ನಿಂತಿತ್ತು. “ಈಯಮ್ಮ ಮಾಡಿದ್ದಕ್ಕಿಂತ ಹೆಚ್ಚು ಯಾರೂ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ” ಎಂದು ಅಕ್ಕನಿಗೆ ನನ್ನೆದುರೇ ಹೇಳಿದರು.

ಅಷ್ಟು ಹೊತ್ತಿಗೆ ವಿಡಿಯೋ ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕು ಸುತ್ತಿ ಬಂದಾಗಿತ್ತು. ಕಲಿಯುವವರ ಕೆಂಪು ಬೋರ್ಡಿನ ಕಾರು, ಒಳಗೆ ಬುರ್ಖಾದ ಹೆಂಗಸು, ಪಕ್ಕಕ್ಕೆ ವಾಲಿದ ಗಂಡಸು, ಕೂಗುವ ಹಾರ್ನ್. ಹಿಂದಿನ ಸೀಟಿನ ಅಮ್ಮಿ ಅದರಲ್ಲಿ ಕಾಣುತ್ತಿರಲಿಲ್ಲ. ಮೇಲೆ ‘ರೇಸ್ ಮಾಸ್ತರ ಕೊನೆಯ ರೇಸು’ ಎಂಬ ಬರಹ, ಹಿನ್ನೆಲೆಗೆ ಯಾವುದೋ ಕುಣಿತದ ಸಂಗೀತ. ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಐವತ್ತು ದಾಟಿದ ಗಂಡಸು, ಪರಜಾತಿಯ ಹೆಂಗಸು, ಮುಚ್ಚಿದ ಕಾರು, ಇಷ್ಟು ಸಿಕ್ಕರೆ ನಮ್ಮ ಜನಕ್ಕೆ ಊಟ ಬೇಡ. ಮಾಸ್ತರ ಕಡೆಯವರು ಒಂದು ರೀತಿ ಬರೆದರು, ಆಪಾನ ಕಡೆಯವರು ಇನ್ನೊಂದು ರೀತಿ. ಕೊಳಕು ಒಂದೇ. ಆಪಾನ ಓಣಿಯ ಹಿರಿಯರು ಮನೆಗೆ ಬಂದು, ಹೆಂಗಸಿಗೆ ಕಾರು ಯಾಕೆ ಎಂದು ಕೇಳಿ ಹೋದರು. ಆಪಾ ಹೊರಗೆ ಬರುವುದನ್ನು ಬಿಟ್ಟರು. ಅಮ್ಮಿ ಮತ್ತೆ ಆಟೊದವನ ದಾರಿ ಕಾಯತೊಡಗಿದರು.

ಹದಿಮೂರನೇ ದಿನದ ಊಟ ಮುಗಿದು ಎರಡು ದಿನವಾಗಿತ್ತು. ನಾನು ಧಾರೇಶ್ವರದಲ್ಲಿ ಮಾಸ್ತರ ಮನೆಯಲ್ಲಿ ಅಕ್ಕನ ಜೊತೆ ಪಾತ್ರೆ ಎತ್ತಿಡುತ್ತಿದ್ದೆ. ಸಂಘದ ಅಧ್ಯಕ್ಷ ಬಂದ. ಜೊತೆಗೆ ನಾಲ್ಕು ಹುಡುಗರು, ಅವರಲ್ಲಿ ಒಬ್ಬ ಅವನ ಸೋದರಳಿಯ. ಎಲ್ಲರೂ ಜಗಲಿಯಲ್ಲಿ ಕೂತರು. ಅಧ್ಯಕ್ಷ ಅಂಗಿಯ ಕಿಸೆಯಿಂದ ಟೈಪು ಮಾಡಿಸಿದ ಒಂದು ಹಾಳೆ ತೆಗೆದ. ಆಪಾನ ಮೇಲೆ ಪೊಲೀಸರಿಗೆ ಕೊಡುವ ದೂರು.

“ಲೈಸೆನ್ಸ್ ಇಲ್ದೆ ಇರೂ ಹೆಂಗ್ಸು ಅಷ್ಟು ಜೋರು ಗಾಡಿ ಹೊಡ್ದದ್ದಕ್ಕೇ ಮಾಸ್ತರ ಎದೆ ಒಡೆದದ್ದು ಅಕ್ಕ” ಅಂದ. “ಅಂಬುಲೆನ್ಸ್ ಬರೂವರೆಗೆ ತಡೀಬೇಕಿತ್ತಲ್ಲ? ನೀವೊಂದು ಸಹಿ ಹಾಕಿ. ಬಾಕಿ ನಾವು ನೋಡ್ಕಂತ್ರು. ಮಾಸ್ತರು ನಮ್ಮ ಊರಿನ ಹೆಮ್ಮೆ.”

ಅಕ್ಕ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಯಾವ ಜನ ಅಂತ ನಿಮಗೇ ಗೊತ್ತಲ್ಲ. ಸುಮ್ನೆ ಬಿಟ್ರೆ ನಾಳೆ ಇನ್ನೊಬ್ಬರಿಗೆ ಆಗ್ತದೆ.”

“ಡಾಕ್ಟರು ಹಂಗೆ ಹೇಳ್ಲಿಲ್ಲ” ಎಂದೆ ನಾನು.

“ನೀ ಸುಮ್ನಿರು ತಂಗಿ. ಇದು ಮನೆಯವರ ವಿಷ್ಯ.”

ಅಕ್ಕ ಆ ಸಹಿ ಹಾಕಿದರೆ ಆಪಾ ಠಾಣೆಯ ಮೆಟ್ಟಿಲು ಹತ್ತಬೇಕು. ಮತ್ತೆ ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟುವ ಮಾತಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕ ಅಧ್ಯಕ್ಷ ಚಾಚಿದ ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು.

“ಆ ವಿಡಿಯೋ ನಿನ್ನ ಹತ್ರ ಅದ್ಯಾ?” ಎಂದು ಕೇಳಿದರು. ಅಷ್ಟು ದಿನ ಅದನ್ನು ಯಾರು ತೋರಿಸಲು ಬಂದರೂ ಎದ್ದು ಹೋಗುತ್ತಿದ್ದವರು ಅವರು.

ನನ್ನ ಹತ್ತಿರ ಇತ್ತು. ಊರು ತಿರುಗಿದ್ದು ಕತ್ತರಿಸಿದ ತುಂಡು. ತೆಗೆದವನು ಮೊದಲು ಪೂರ್ತಿ ವಿಡಿಯೋವನ್ನೇ ಸ್ಟೇಟಸ್ಸಿಗೆ ಹಾಕಿ, ಆಮೇಲೆ ಬುದ್ಧಿ ಬಂದು ಅಳಿಸಿದ್ದ. ಅಷ್ಟರೊಳಗೆ ಅದು ಯಾರ ಯಾರದೋ ಕೈ ದಾಟಿ ಗಲ್ಫಿನ ಹುಡುಗನಿಗೆ ಮುಟ್ಟಿ, ಅವನು ನನಗೆ ಕಳಿಸಿದ್ದ. ಒಮ್ಮೆ ನೋಡಿ ಮುಚ್ಚಿಟ್ಟಿದ್ದೆ. ಅಕ್ಕನಿಗೆ ಹೇಳಿರಲಿಲ್ಲ.

ಅಕ್ಕ ಮೊಬೈಲನ್ನು ಇಸಿದುಕೊಂಡು ಜಗಲಿಯ ಕಟ್ಟೆಯ ಮೇಲೆ ಕೂತರು. ಸದ್ದು ದೊಡ್ಡದು ಮಾಡಿಸಿದರು. ಎಲ್ಲರಿಗೂ ಕೇಳಿತು. ಮೊದಲು ಆಪಾನ ದನಿ. “ಮಾಸ್ತರ್‌ಗೆ ಏನೋ ಆಯ್ತು... ಯಾರಾದ್ರೂ ಡ್ರೈವರ್ ಇದ್ರೆ ಬನ್ನಿ... ಅಣ್ಣಾ, ನೀವು ಬನ್ನಿ... ಅಲ್ಲಾನ ಹೆಸರಿಗೆ ಬನ್ನಿ...” ಚಪ್ಪಲಿಯ ಸದ್ದು. ಆಮೇಲೆ ಮೊಬೈಲು ಹಿಡಿದವನ ದನಿ, ತೀರ ಹತ್ತಿರದಿಂದ, ಸ್ಪಷ್ಟವಾಗಿ. “ಡ್ರೈವರ್ ಎಂತಕ್ಕೆ? ಪೋಂ ಮಾಸ್ತರೇ ಇದ್ರಲ್ಲ, ಅವ್ರೇ ರೇಸ್ ಹೊಡ್ಕಂಡು ಹೋಗ್ಲಿ!” ಅನಂತರ ನಗು. ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ ಉದ್ದದ ನಗು.

ಅಕ್ಕ ಅದನ್ನು ಪೂರ್ತಿ ನೋಡಿದರು. ಗಂಡನ ತಲೆ ಕಿಟಕಿಗೆ ವಾ‌ಲಿದ್ದಲ್ಲಿ ಮೊಬೈಲಿನ ಗಾಜನ್ನು ಒಮ್ಮೆ ಸೆರಗಿನಿಂದ ಒರೆಸಿದರು. ಮುಗಿದ ಮೇಲೆ ಮತ್ತೆ ನಗುವಿನ ಹತ್ತಿರಕ್ಕೆ ಹಾಕಿಸಿದರು.

“ಈ ದನಿ ಯಾರ್ದು?”

ಅಧ್ಯಕ್ಷನ ಸೋದರಳಿಯ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಮಾಸ್ತರ ಫ್ಲೆಕ್ಸ್ ಮಾಡಿಸಿದವನು, ಊಟದ ದಿನ ಸಾಲಿಗೆ ಪಾಯಸ ಬಡಿಸಿದವನು ಅವನೇ.

“ಹುಡುಗ್ರು ಅಕ್ಕ” ಅಂದ ಅಧ್ಯಕ್ಷ. “ಹಂಗೆ ಆಗಿರ್ತದೆ ಅಂತ ಅವಂಗೆ ಎಂತ ಗೊತ್ತಿತ್ತು? ತಮಾಷೆಗೆ...”

“ದೂರು ಕೊಡ್ತೆ” ಅಂದರು ಅಕ್ಕ. “ಬರ್ಕೊಳ್ಳಿ. ಆ ಹೆಂಗ್ಸಿನ ಹೆಸರು ತೆಗ್ದು ಇವನ ಹೆಸರು ಹಾಕಿ.”

“ಎಂತ ಅಂತ ಹಾಕೂದು ಅಕ್ಕ? ನಗೂದರ ಮೇಲೆ ಕೇಸ್ ಇಲ್ಲ.”

“ಇಲ್ಲ ಅಂತ ನಂಗೂ ಗೊತ್ತದೆ. ಅದ್ಕೇ ನೀವೆಲ್ಲ ಇಷ್ಟು ಆರಾಮ ಇದ್ರಿ.”

ಅಧ್ಯಕ್ಷ ಹಾಳೆಯನ್ನು ಮಡಚಿದ. ಮತ್ತೇನೋ ಹೇಳಲು ಬಾಯಿ ತೆರೆದ. ಅಕ್ಕ, “ಎದ್ದು ಹೋಗಿ. ಈ ಮನೆಯಲ್ಲಿ ನಿಮಗೆ ಚಾ ಇಲ್ಲ” ಅಂದರು. ನಮ್ಮ ಕಡೆ ಬಂದವರಿಗೆ ಚಾ ಇಲ್ಲ ಎನ್ನುವುದು ಬಹಳ ದೊಡ್ಡ ಮಾತು. ಅವರು ಎದ್ದು ಹೋದರು. ಗೇಟಿನ ಆಚೆ ಬೈಕು ಎಂದಿನ ಹಾಗೆಯೇ ಗುಡುಗಿತು.

ಅಕ್ಕ ಬಾವಿಯಿಂದ ನೀರು ಸೇದಿ ತಂದು, ಅವರು ಕೂತ ಜಗಲಿಗೆ ಒಂದರ ಮೇಲೊಂದು ಕೊಡ ಸುರಿದರು. ಕಡ್ಡಿ ಪೊರಕೆಯಿಂದ ಉಜ್ಜಿದರು. ಸೂತಕ ಕಳೆದ ದಿನವೂ ಅವರು ಅಷ್ಟು ತೊಳೆದಿರಲಿಲ್ಲ. ನಾನು ನೆರವಿಗೆ ಹೋದರೆ ಬೇಡ ಅಂದರು. ಆಗಲೂ ಅಳಲಿಲ್ಲ. ತೊಳೆದು ಮುಗಿಸಿ, ಸೊಂಟಕ್ಕೆ ಕೈಯಿಟ್ಟು ನಿಂತು, “ಅವಳಿಗೆ ಫೋನ್ ಮಾಡು” ಅಂದರು.

ಆಪಾ ಬಹಳ ಹೊತ್ತಿನ ಮೇಲೆ ಎತ್ತಿದರು. ದೂರಿನ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು, “ಪೊಲೀಸರು ಬರ್ತಾರಾ?” ಎಂದೇ ಕೇಳಿದರು.

“ಆಪಾ, ದೂರು ಇಲ್ಲ” ಎಂದೆ. “ಅಕ್ಕ ಸಹಿ ಹಾಕ್ಲಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಕ್ಲಾಸ್ ಅದೆ, ತಯಾರಾಗಿ ಇರಿ.”

ಆಚೆಯಿಂದ ಅಮ್ಮಿ ಏನೋ ಕೇಳಿದ್ದು, ಆಪಾ ನವಾಯತಿಯಲ್ಲಿ ಉತ್ತರಿಸಿದ್ದು ಕೇಳಿಸಿತು.

“ಯಾವ ಕಾರಿನಲ್ಲಿ?” ಎಂದು ಕೇಳಿದರು ಆಪಾ.

“ಅದೇ ಕಾರು” ಎಂದೆ. “ಮಾಸ್ತರ ಸೀಟಿನಲ್ಲಿ ನಾನು ಕೂತ್ಕಳ್ತೆ.”